ಮನೆಯ ಹೊತ್ತು, ಊರಿನ ಹೊತ್ತು

ಕನ್ನಡದಲ್ಲಿ ಎರಡು ಗಾದೆಗಳುಂಟು. ‘ಮನೆಗೆ ಮಾರಿ, ಊರಿಗೆ ಉಪಕಾರಿ’ ಎಂಬುದು ಒಂದು; ‘ಮನೆ ಗೆದ್ದು ಮಾರು ಗೆಲ್ಲು’ ಎಂಬುದು ಇನ್ನೊಂದು. ಊರ ಕೆಲಸಕ್ಕೆಂದು ಸದಾ ಹೊರಗೆ ಓಡಾಡುವವನ ಬೆನ್ನ ಹಿಂದೆ ಮೊದಲನೆಯ ಗಾದೆ ಕೇಳಿಬರುತ್ತದೆ. ಊರ ಕೆಲಸಕ್ಕೆ ಕರೆ ಬಂದಾಗ ಹಿಂಜರಿಯುವವನ ಬಾಯಿಂದ ಎರಡನೆಯ ಗಾದೆ ಹೊರಡುತ್ತದೆ. ಒಬ್ಬರಿಗೆ ಗಾದೆ ಆಕ್ಷೇಪಣೆಯಾದರೆ ಇನ್ನೊಬ್ಬರಿಗೆ ನೆವವಾಗುತ್ತದೆ. ಎರಡರ ಬಳಕೆಯ ಹಿಂದೆಯೂ ಒಂದೇ ಎಣಿಕೆ ಅಡಗಿದೆ. ಮನೆಯ ಹೊತ್ತು ಬೇರೆ, ಊರಿನ ಹೊತ್ತು ಬೇರೆ. ಒಂದಕ್ಕೆ ಕೊಟ್ಟದ್ದೆಲ್ಲವೂ ಇನ್ನೊಂದರಿಂದ ಕಿತ್ತುಕೊಂಡದ್ದು ಎಂಬುದೇ ಆ ಎಣಿಕೆ. ಇದು ಎಷ್ಟರಮಟ್ಟಿಗೆ ಸರಿ ಎಂಬುದು ವಿಚಾರ ಮಾಡಬೇಕಾದ ವಿಷಯ.

ಲೋಕಸೇವೆಗೆ ಬೇಕಾದುವು ಮೂರು: ಹಣ, ಶ್ರಮ ಮತ್ತು ಹೊತ್ತು. ಹಣವನ್ನು ಕೂಡಿಸಬಹುದು, ಇಲ್ಲದಿದ್ದರೆ ಬೇಡಿ ತರಬಹುದು. ಶ್ರಮವನ್ನು ಹಲವರು ಹಂಚಿಕೊಳ್ಳಬಹುದು. ಆದರೆ ಹೊತ್ತನ್ನು ಕೂಡಿಡುವುದೂ ಸಾಧ್ಯವಿಲ್ಲ, ಸಾಲ ತರುವುದೂ ಸಾಧ್ಯವಿಲ್ಲ. ಅರಸನಿಗೂ ಆಳಿಗೂ ದಿನಕ್ಕೆ 24 ಗಂಟೆಗಳೇ. ಆದುದರಿಂದ ಸೇವೆಯ ಪ್ರಶ್ನೆಗಳಲ್ಲಿ ಹೊತ್ತಿನ ಪ್ರಶ್ನೆಯೇ ಕಠಿಣವಾದುದು. ಒಂದು ಭಾನುವಾರವನ್ನು ಊರಿನ ಕೆರೆಯ ಹೂಳೆತ್ತುವುದಕ್ಕೆ ಕೊಟ್ಟ ತಂದೆಗೆ ಆ ಭಾನುವಾರವನ್ನು ಮಗುವಿಗೆ ಕೊಡಲಾಗುವುದಿಲ್ಲ. ಕೆರೆಯೂ ಬೇಕು, ಮಗುವೂ ಬೇಕು. ಇಲ್ಲಿ ಒಳ್ಳೆಯದಕ್ಕೂ ಕೆಟ್ಟದಕ್ಕೂ ಜಗಳವಿಲ್ಲ. ಎರಡು ಒಳ್ಳೆಯ ಕೆಲಸಗಳು ಒಂದೇ ಹೊತ್ತಿಗಾಗಿ ಕೈಚಾಚಿ ನಿಂತಿವೆ.

ಹಿಂದಿನ ಕಾಲದ ಕನ್ನಡ ನಾಡಿನ ಹಳ್ಳಿಗಳಲ್ಲಿ ಈ ತೊಡಕು ಇಷ್ಟಾಗಿ ಇರಲಿಲ್ಲ. ಬೇಸಗೆ ಬಂತೆಂದರೆ ದಾರಿಯ ಪಕ್ಕದಲ್ಲಿ, ಮರದ ನೆರಳಿನಲ್ಲಿ ಅರವಟ್ಟಿಗೆಗಳು ತಲೆಯೆತ್ತುತ್ತಿದ್ದುವು. ದಾರಿಹೋಕರಿಗೆ ನೀರು, ಮಜ್ಜಿಗೆ, ಪಾನಕಗಳನ್ನು ಕೊಟ್ಟು ದಣಿವಾರಿಸುವುದು ಆ ಕಾಲದ ಸಮಾಜಸೇವೆ. ತಾಯಿ ಮಜ್ಜಿಗೆ ಕಡೆಯುವಳು. ಮಗಳು ಬಾವಿಯಿಂದ ನೀರು ಸೇದುವಳು. ಅಜ್ಜ ಗಡಿಗೆಯ ಬಳಿ ಕುಳಿತು ತಂಬಿಗೆ ತುಂಬಿಕೊಡುವನು. ಚಿಕ್ಕ ಮಕ್ಕಳು ಬೆಲ್ಲದ ಚೂರನ್ನು ತರಲು ಮನೆಗೆ ಓಡುವರು. ಊರಿನ ಕೆಲಸವೂ ಆಯಿತು, ಮನೆಯವರೆಲ್ಲರೂ ಒಂದೆಡೆ ಕೂಡಿದಂತೆಯೂ ಆಯಿತು. ನಾಟಿಯ ಕಾಲದಲ್ಲಿ, ಕುಯಿಲಿನ ಕಾಲದಲ್ಲಿ ಮುಯ್ಯಾಳಾಗಿ ಒಬ್ಬರ ಹೊಲಕ್ಕೆ ಇನ್ನೊಬ್ಬರು ದುಡಿಯಲು ಹೋಗುವ ಪದ್ಧತಿಯೂ ಇಂಥದೇ. ಅಲ್ಲಿ ಕುಟುಂಬವು ಕುಟುಂಬಕ್ಕೆ ನೆರವಾಗುತ್ತಿತ್ತು. ಸೇವೆಯು ಮನೆಯ ಜಗಲಿಯಲ್ಲಿಯೇ ಹುಟ್ಟಿ, ಜಗಲಿಯಿಂದ ಕೂಗಳತೆಯ ದೂರದಲ್ಲಿಯೇ ನಡೆಯುತ್ತಿತ್ತು.

ಆದರೆ ಆ ಕಾಲವನ್ನು ಹೊಗಳುವವರು ಅದರ ಕೊರತೆಯನ್ನೂ ಮರೆಯಬಾರದು. ಆ ಔದಾರ್ಯಕ್ಕೆ ಜಾತಿಯ ಗೋಡೆಗಳಿದ್ದುವು. ಬಾಯಾರಿದವರೆಲ್ಲರಿಗೂ ಒಂದೇ ತಂಬಿಗೆ ಇರಲಿಲ್ಲ. ಕೆಲವರಿಗೆ ಬಾವಿಯ ಬಳಿಗೆ ಬರುವುದಕ್ಕೇ ಅಪ್ಪಣೆಯಿರಲಿಲ್ಲ. ಮನೆಯ ಜಗಲಿಯಿಂದ ಕಾಣುವಷ್ಟು ದೂರಕ್ಕೆ ಮಾತ್ರ ಕರುಣೆ ಹರಿದರೆ, ಕಾಣದ ಕೇರಿಯವರ ಗತಿಯೇನು? ಆದುದರಿಂದಲೇ ಸೇವೆಗೆಂದು ಮೀಸಲಾದ ಸಂಸ್ಥೆಗಳು ಹುಟ್ಟಬೇಕಾಯಿತು. ಕುದ್ಮುಲ್ ರಂಗರಾಯರು 1897ರಲ್ಲಿ ಮಂಗಳೂರಿನಲ್ಲಿ ದಲಿತರ ಏಳಿಗೆಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಶಾಲೆಯ ಬಾಗಿಲು ಮುಚ್ಚಿದ್ದ ಮಕ್ಕಳಿಗಾಗಿ ಶಾಲೆಗಳನ್ನು ತೆರೆದರು. ಡಾ. ನಾ. ಸು. ಹರ್ಡೀಕರರು 1923ರಲ್ಲಿ ಹಿಂದೂಸ್ತಾನಿ ಸೇವಾದಳವನ್ನು ಕಟ್ಟಿ ತರುಣರಿಗೆ ಶಿಸ್ತಿನ ಸೇವೆಯನ್ನು ಕಲಿಸಿದರು. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಆರಂಭವಾಗಿ ಕಾಲೇಜಿನ ವಿದ್ಯಾರ್ಥಿಗಳು ಹಳ್ಳಿಗಳ ಕಡೆಗೆ ಹೆಜ್ಜೆಯಿಟ್ಟರು. ಲಾಭದ ಆಸೆಯಿಲ್ಲದೆ ದುಡಿಯುವ ಅನೇಕ ಸಂಘಗಳು ಇಂದು ಕಣ್ಣಿನ ಶಿಬಿರ, ರಕ್ತದಾನ, ರಾತ್ರಿಶಾಲೆ, ವೃದ್ಧರ ಆರೈಕೆ ಮೊದಲಾದ ಕೆಲಸಗಳನ್ನು ನಡೆಸುತ್ತಿವೆ. ಮನೆಯೊಂದರಿಂದಲೇ ಆಗದ ಕೆಲಸವನ್ನು ಇವು ಮಾಡಿವೆ; ಮನೆ ದಾಟಲು ಅಂಜಿದ ಗೋಡೆಯನ್ನು ಇವು ದಾಟಿವೆ.

ಈ ಲಾಭದ ಜೊತೆಗೆ ಒಂದು ಹೊಸ ತೊಡಕೂ ಬಂದಿತು. ಸೇವೆಯು ಜಗಲಿಯಿಂದ ಇಳಿದು ಶಿಬಿರಕ್ಕೂ ಸಭೆಗೂ ಕಚೇರಿಗೂ ಹೋಯಿತು. ಸೇವೆ ಮಾಡಬೇಕಾದವನು ಮನೆ ಬಿಟ್ಟು ಹೋಗಬೇಕಾಯಿತು. ಹೋದವನ ಕೊರಳಿಗೆ ಹೂಮಾಲೆ ಬೀಳುವುದುಂಟು; ಅವನ ಹೆಸರು ಪತ್ರಿಕೆಯಲ್ಲಿ ಅಚ್ಚಾಗುವುದೂ ಉಂಟು. ಆದರೆ ಅವನು ಇಲ್ಲದ ಹೊತ್ತಿನಲ್ಲಿ ಜ್ವರ ಬಂದ ಮಗುವಿನ ಬಳಿ ಕುಳಿತವರ ಹೆಸರು ಎಲ್ಲಿಯೂ ಅಚ್ಚಾಗುವುದಿಲ್ಲ. ರಂಗರಾಯರನ್ನು ಅವರ ಜಾತಿಯವರು ಬಹಿಷ್ಕರಿಸಿದಾಗ ಆ ಬಹಿಷ್ಕಾರದ ಬಿಸಿ ಅವರೊಬ್ಬರನ್ನೇ ತಟ್ಟಲಿಲ್ಲ, ಮನೆಯವರನ್ನೂ ತಟ್ಟಿತು. ಯಾವುದೇ ಸೇವೆಯ ಲೆಕ್ಕದಲ್ಲಿ ಎರಡು ಪುಟಗಳಿರುತ್ತವೆ. ಊರಿಗೆ ದೊರೆತ ಉಪಕಾರವು ಒಂದು ಪುಟದಲ್ಲಿ. ಮನೆಯವರು ತೆತ್ತ ಬೆಲೆಯು ಇನ್ನೊಂದು ಪುಟದಲ್ಲಿ. ಮೊದಲನೆಯ ಪುಟವನ್ನು ಎಲ್ಲರೂ ಓದುತ್ತಾರೆ. ಎರಡನೆಯದನ್ನು ಸೇವೆ ಮಾಡುವವನೇ ಓದದಿದ್ದರೆ ಮತ್ತಾರು ಓದಬೇಕು?

ಮಹಾಪುರುಷರ ಜೀವನದಲ್ಲಿಯೂ ಈ ಪುಟವು ಬಿಟ್ಟುಹೋಗಿಲ್ಲ. ಗಾಂಧೀಜಿಯವರು ದಕ್ಷಿಣ ಆಫ್ರಿಕದಲ್ಲಿ ಭಾರತೀಯರ ಗೌರವಕ್ಕಾಗಿ ಹೋರಾಡುತ್ತಿದ್ದ ಕಾಲದಲ್ಲಿ ಅವರ ಹಿರಿಯ ಮಗ ಹರಿಲಾಲರು ತಂದೆಯ ಜೊತೆಯಲ್ಲಿಯೇ ಸತ್ಯಾಗ್ರಹ ಮಾಡಿ ಹಲವು ಬಾರಿ ಸೆರೆಮನೆಗೆ ಹೋದರು. ಇಂಗ್ಲೆಂಡಿಗೆ ಹೋಗಿ ತಂದೆಯಂತೆಯೇ ಬ್ಯಾರಿಸ್ಟರ್ ಆಗಬೇಕೆಂಬುದು ಅವರ ಹಂಬಲ. ಓದಿಗೆ ವಿದ್ಯಾರ್ಥಿವೇತನದ ಅವಕಾಶ ಒದಗಿದಾಗ ಗಾಂಧೀಜಿ ಮಗನನ್ನು ಕಳುಹಿಸದೆ ಬೇರೆ ತರುಣರನ್ನು ಆರಿಸಿದರು. ಸಾರ್ವಜನಿಕ ಕಾರ್ಯದಲ್ಲಿ ಮಗನಿಗೆಂದು ಹೆಚ್ಚಿನ ಹಕ್ಕಿಲ್ಲ ಎಂಬುದು ಅವರ ನ್ಯಾಯ. ಅದು ಉನ್ನತವಾದ ನ್ಯಾಯವೇ ಸರಿ. ಆದರೆ ಮಗನ ಮನಸ್ಸು ಮುರಿಯಿತು. 1911ರಲ್ಲಿ ಅವರು ತಂದೆಯನ್ನು ಬಿಟ್ಟು ಹೋದರು. ಮುಂದಿನ ಅವರ ಬದುಕು ದುಃಖದ ಕಥೆಯಾಯಿತು. ಮಕ್ಕಳ ವಿದ್ಯಾಭ್ಯಾಸಕ್ಕೆ ಕೊಡಬೇಕೆಂದಿದ್ದಷ್ಟು ಗಮನವನ್ನು ತಾವು ಕೊಡಲಾಗಲಿಲ್ಲವೆಂದು ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಇದರಿಂದ ಅವರ ಹಿರಿಮೆಗೆ ಕುಂದು ಬರುವುದಿಲ್ಲ. ಕೋಟ್ಯಂತರ ಜನರಿಗೆ ತಂದೆಯಾದವರಿಗೂ ಒಬ್ಬ ಮಗನಿಗೆ ತಂದೆಯಾಗುವುದು ಎಷ್ಟು ಕಷ್ಟವೆಂಬುದನ್ನು ಮಾತ್ರ ಇದು ತಿಳಿಸುತ್ತದೆ.

ಹಾಗಾದರೆ ಸೇವೆಯ ಗೊಡವೆಯೇ ಬೇಡ, ಹೆಂಡತಿ ಮಕ್ಕಳೊಡನೆ ಸುಖವಾಗಿದ್ದರೆ ಸಾಕು ಎಂದು ಹೇಳುವವರಿದ್ದಾರೆ. ಅವರ ಬಾಯಿಯಲ್ಲಿಯೇ ‘ಮನೆ ಗೆದ್ದು ಮಾರು ಗೆಲ್ಲು’ ಎಂಬ ಗಾದೆ ನೆವವಾಗುವುದು. ಗೆದ್ದ ಮೇಲೆ ಹೊರಗೆ ಹೋಗು ಎಂದು ಗಾದೆ ಹೇಳಿತೇ ಹೊರತು, ಹೋಗಲೇಬೇಡ ಎನ್ನಲಿಲ್ಲ. ಇನ್ನು ಹೊರಗಿನ ಕೆಲಸಕ್ಕೆ ಹೋಗದವರೆಲ್ಲರೂ ತಮ್ಮ ಹೊತ್ತನ್ನು ಮನೆಯವರಿಗೇ ಕೊಡುತ್ತಿದ್ದಾರೆಯೇ? ಸಂಜೆಯ ಹೊತ್ತು ತಂದೆ ಒಂದು ಮೂಲೆಯಲ್ಲಿ, ತಾಯಿ ಒಂದು ಮೂಲೆಯಲ್ಲಿ, ಮಕ್ಕಳು ಮತ್ತೊಂದು ಮೂಲೆಯಲ್ಲಿ ತಮ್ಮ ತಮ್ಮ ಮೊಬೈಲಿನ ಬೆಳಕಿಗೆ ಮುಖವೊಡ್ಡಿ ಕುಳಿತಿದ್ದರೆ ಆ ಮನೆಯಲ್ಲಿ ನಾಲ್ಕು ಜನರಿದ್ದಾರೆ ಎನ್ನಬಹುದು. ಒಂದು ಕುಟುಂಬವಿದೆ ಎನ್ನುವುದು ಕಷ್ಟ. ಒಂದೇ ಸೂರಿನಡಿಯಲ್ಲಿ ಕಳೆದ ಹೊತ್ತೆಲ್ಲವೂ ಒಟ್ಟಿಗೆ ಕಳೆದ ಹೊತ್ತಲ್ಲ. ಒಟ್ಟಿಗೆ ಉಣ್ಣುವುದು, ಅಂದಂದಿನ ಸುಖದುಃಖವನ್ನು ಆಡಿಕೊಳ್ಳುವುದು, ಅಜ್ಜಿಯ ಕಥೆಗೆ ಕಿವಿಗೊಡುವುದು, ಒಂದೇ ಕೆಲಸಕ್ಕೆ ಎಲ್ಲರೂ ಕೈಹಾಕುವುದು ಇವೇ ಮನೆಯ ನಿಜವಾದ ಹೊತ್ತು. ಇತರರ ನೋವನ್ನು ತಿಳಿಯುವ ಶಕ್ತಿಯನ್ನು ಮಗು ಮೊದಲು ಕಲಿಯುವುದು ಈ ಹೊತ್ತಿನಲ್ಲಿಯೇ. ಉಣ್ಣುವ ಮುನ್ನ ನೆರೆಮನೆಯ ಮುದುಕಿಗೆ ಒಂದು ಬಟ್ಟಲು ಸಾರನ್ನು ಕೊಟ್ಟು ಬರುವ ಹುಡುಗನಿಗೆ ಸಮಾಜಸೇವೆಯ ಮೊದಲ ಪಾಠ ಆಗಿಹೋಗಿರುತ್ತದೆ.

ಮನೆಯ ಹೊತ್ತನ್ನೂ ಊರಿನ ಹೊತ್ತನ್ನೂ ಹೊಂದಿಸುವ ಬಗೆ ಹೇಗೆ? ಹನ್ನೆರಡನೆಯ ಶತಮಾನದ ಶರಣ ದಂಪತಿಗಳಾದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಕಥೆಯಲ್ಲಿ ಒಂದು ದಾರಿ ಕಾಣುತ್ತದೆ. ಕಲ್ಯಾಣದಲ್ಲಿ ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದ ದಾಸೋಹ ನಡೆಸುವುದು ಮಾರಯ್ಯನವರ ಕಾಯಕ. ಅನುಭಾವದ ಚರ್ಚೆಯಲ್ಲಿ ಮುಳುಗಿ ಅವರು ಕಾಯಕದ ಹೊತ್ತನ್ನು ಮರೆತಾಗ ಲಕ್ಕಮ್ಮ ನೆನಪಿಸಿದಳು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಇದು ತಮಗೆ ಸಲ್ಲದು, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಬೇಕೆಂದು ಆಕೆಯೇ ಹಿಂದಕ್ಕೆ ಕಳುಹಿಸಿದಳು. ದಾನಕ್ಕೂ ಧರ್ಮಕ್ಕೂ ಅಳತೆಯುಂಟು. ಆ ಅಳತೆಯನ್ನು ಹೇಳುವ ಅಧಿಕಾರ ಮನೆಯವರಿಗೆ ಉಂಟು ಎಂಬುದೇ ಈ ಕಥೆಯ ಸಾರ. ಸೇವೆ ಮಾಡುವವನು ಮನೆಯವರ ಮಾತನ್ನು ಅಡ್ಡಿಯೆಂದು ತಿಳಿಯದೆ, ತಕ್ಕಡಿಯ ಮುಳ್ಳೆಂದು ತಿಳಿಯಬೇಕು.

ಇನ್ನೊಂದು ದಾರಿಯನ್ನು ತೋರಿಸಿದವರು ನೆರೆಯ ಮಹಾರಾಷ್ಟ್ರದ ಬಾಬಾ ಆಮ್ಟೆ ಮತ್ತು ಸಾಧನಾತಾಯಿ. ವಕೀಲಿ ವೃತ್ತಿಯನ್ನು ಬಿಟ್ಟ ಬಾಬಾ ಆಮ್ಟೆಯವರು 1949ರಲ್ಲಿ ಕುಷ್ಠರೋಗಿಗಳ ಸೇವೆಗಾಗಿ ಮಹಾರೋಗಿ ಸೇವಾ ಸಮಿತಿಯನ್ನು ಸ್ಥಾಪಿಸಿದರು. ವರೋರಾ ಎಂಬ ಊರಿನ ಬಳಿ ದೊರೆತ ಕಲ್ಲುಮುಳ್ಳಿನ ಕಾಡುನೆಲದಲ್ಲಿ 1951ರಲ್ಲಿ ಆನಂದವನವು ತಲೆಯೆತ್ತಿತು. ಬಾಬಾ ಒಬ್ಬರೇ ಅಲ್ಲಿಗೆ ಹೋಗಲಿಲ್ಲ. ಪತ್ನಿ ಸಾಧನಾತಾಯಿಯವರೂ ವಿಕಾಸ, ಪ್ರಕಾಶ ಎಂಬ ಇಬ್ಬರು ಎಳೆಯ ಮಕ್ಕಳೂ ಜೊತೆಗೂಡಿದರು. ಕುಷ್ಠರೋಗಿಯ ನೆರಳಿಗೂ ಜನ ಹೆದರುತ್ತಿದ್ದ ಕಾಲವದು. ಆ ರೋಗ ಸುಲಭವಾಗಿ ಅಂಟುವುದಿಲ್ಲ, ಔಷಧದಿಂದ ಗುಣವಾಗುತ್ತದೆ ಎಂಬ ತಿಳಿವಳಿಕೆ ಜನರಲ್ಲಿ ಇನ್ನೂ ಹರಡಿರಲಿಲ್ಲ. ಅಂಥ ನೆಲದಲ್ಲಿ ಆ ಮಕ್ಕಳು ರೋಗಿಗಳ ನಡುವೆಯೇ ಆಡಿ ಬೆಳೆದರು. ಅವರ ಪಾಲಿಗೆ ಮನೆಯ ಅಂಗಳವೇ ಸೇವೆಯ ಅಂಗಳವಾಗಿತ್ತು.

ಫಲವೇನಾಯಿತು? ಮಕ್ಕಳಿಬ್ಬರೂ ವೈದ್ಯರಾದರು, ಇಬ್ಬರೂ ತಂದೆತಾಯಿಯರ ಕೆಲಸವನ್ನೇ ಕೈಗೆತ್ತಿಕೊಂಡರು. ಡಾ. ಪ್ರಕಾಶ ಆಮ್ಟೆ ಮತ್ತು ಅವರ ಪತ್ನಿ ಡಾ. ಮಂದಾಕಿನಿ ದಟ್ಟ ಕಾಡಿನ ನಡುವಿನ ಹೇಮಲಕಸಾದಲ್ಲಿ ನೆಲೆಸಿ, ಮಾಡಿಯಾ ಗೊಂಡ ಬುಡಕಟ್ಟಿನ ಜನರಿಗಾಗಿ ಆಸ್ಪತ್ರೆಯನ್ನೂ ಶಾಲೆಯನ್ನೂ ನಡೆಸಿದರು. ತಮ್ಮ ಮಕ್ಕಳನ್ನು ದೂರದ ಪಟ್ಟಣದ ಶಾಲೆಗೆ ಕಳುಹಿಸದೆ ಬುಡಕಟ್ಟಿನ ಮಕ್ಕಳ ಜೊತೆಯಲ್ಲಿಯೇ ಓದಿಸಿದರು. 1985ರಲ್ಲಿ ತಂದೆಗೆ ದೊರೆತ ಮ್ಯಾಗ್ಸೇಸೆ ಪ್ರಶಸ್ತಿಯು 2008ರಲ್ಲಿ ಮಗನಿಗೂ ಸೊಸೆಗೂ ದೊರೆಯಿತು. ಆದರೆ ಇಲ್ಲಿಯೂ ಎರಡನೆಯ ಪುಟವಿಲ್ಲದೆ ಇಲ್ಲ. ಸಾಧನಾತಾಯಿಯವರು ಮರಾಠಿಯಲ್ಲಿ ಬರೆದ ತಮ್ಮ ಜೀವನಕಥೆಗೆ ‘ಸಮಿಧಾ’ ಎಂದು ಹೆಸರಿಟ್ಟರು. ಯಜ್ಞದ ಬೆಂಕಿಯಲ್ಲಿ ಉರಿಯುವ ಕಡ್ಡಿಯೇ ಸಮಿತ್ತು. ಜ್ವಾಲೆಯನ್ನು ಎಲ್ಲರೂ ಕಾಣುವರು. ಅದನ್ನು ಹೊತ್ತಿಸಿಟ್ಟ ಕಡ್ಡಿಯನ್ನು ಯಾರೂ ಕಾಣರು. ಆ ಒಂದು ಹೆಸರಿನಲ್ಲಿ ಸೇವಕರ ಮನೆಗಳ ಕಥೆಯೆಲ್ಲವೂ ಅಡಗಿದೆ.

ಎಲ್ಲರೂ ಹೆಂಡತಿ ಮಕ್ಕಳೊಡನೆ ಕಾಡಿಗೆ ಹೋಗಲಾರರು; ಹೋಗಬೇಕಾಗಿಯೂ ಇಲ್ಲ. ಸಾಮಾನ್ಯ ಗೃಹಸ್ಥನಿಗೆ ಹೊಂದುವ ಅಳತೆಗಳೂ ಉಂಟು. ರಾಷ್ಟ್ರೀಯ ಸೇವಾ ಯೋಜನೆಗೆ ಸೇರಿದ ವಿದ್ಯಾರ್ಥಿಯು ವರ್ಷಕ್ಕೆ 120 ಗಂಟೆಗಳ ಸೇವೆಯನ್ನು ಮಾಡಬೇಕೆಂಬ ನಿಯಮವಿದೆ. ಒಂದು ವರ್ಷಕ್ಕೆ 8,760 ಗಂಟೆಗಳು. ಅದರಲ್ಲಿ 120 ಎಂದರೆ 73ರಲ್ಲಿ ಒಂದು ಪಾಲು. ವಾರಕ್ಕೆ ಸುಮಾರು ಎರಡೂಕಾಲು ಗಂಟೆ. ವಾರದಲ್ಲಿ ಎರಡೂಕಾಲು ಗಂಟೆಯನ್ನು ಊರಿಗೆ ಕೊಟ್ಟರೆ ಯಾವ ಮನೆಯೂ ಬಡವಾಗದು. ಊರಿನ ಪ್ರತಿಯೊಂದು ಮನೆಯೂ ಅಷ್ಟನ್ನು ಕೊಟ್ಟರೆ ಒಬ್ಬಿಬ್ಬರು ಮಾತ್ರ ತಮ್ಮ ಮನೆಗಳನ್ನು ಮರೆತು ಹಗಲಿರುಳೂ ದುಡಿಯಬೇಕಾದ ಅಗತ್ಯವೂ ಇರದು. ‘ಮನೆಗೆ ಮಾರಿ’ ಎಂದು ಒಬ್ಬನನ್ನು ದೂರುವ ಊರು, ಅವನನ್ನು ಹಾಗೆ ಮಾಡಿದುದರಲ್ಲಿ ತನ್ನ ಸೋಮಾರಿತನದ ಪಾಲೆಷ್ಟು ಎಂದು ಕೇಳಿಕೊಳ್ಳಬೇಕು. ಹೆಗಲುಗಳು ಹೆಚ್ಚಿದಂತೆ ಹೊರೆ ಹಗುರಾಗುತ್ತದೆ.

ಕೆಲವು ಸೇವೆಗಳಂತೂ ಮನೆಯವರಿಲ್ಲದೆ ನಡೆಯುವುದೇ ಇಲ್ಲ. ನೇತ್ರದಾನವನ್ನು ನೋಡಬಹುದು. ಬದುಕಿರುವಾಗ ಪತ್ರಕ್ಕೆ ಸಹಿ ಹಾಕುವುದು ಸುಲಭ. ಆದರೆ ಸತ್ತ ಸುಮಾರು ಆರು ಗಂಟೆಗಳೊಳಗೆ ಕಣ್ಣುಗಳನ್ನು ತೆಗೆಯಬೇಕಾಗುತ್ತದೆ. ಆ ಹೊತ್ತಿಗೆ ಕೊಟ್ಟವನು ಇರುವುದಿಲ್ಲ; ಅಳುತ್ತಿರುವ ಮನೆಯವರೇ ಕಣ್ಣೀರೊರಸಿಕೊಂಡು ಆಸ್ಪತ್ರೆಗೆ ಸುದ್ದಿ ಕಳುಹಿಸಬೇಕು. ಡಾ. ರಾಜಕುಮಾರ್ ಅವರು 2006ರ ಏಪ್ರಿಲ್ 12ರಂದು ತೀರಿಕೊಂಡಾಗ ಅವರ ಮನೆಯವರು ಈ ಕರ್ತವ್ಯವನ್ನು ನೆರವೇರಿಸಿದರು. ಅವರ ಕಿರಿಯ ಮಗ ಪುನೀತ್ ರಾಜಕುಮಾರ್ 2021ರ ಅಕ್ಟೋಬರ್ 29ರಂದು ಅಕಾಲದಲ್ಲಿ ಅಗಲಿದಾಗ, ಆ ಸಿಡಿಲೆರಗಿದ ಹೊತ್ತಿನಲ್ಲಿಯೂ ಮನೆಯವರು ಅದನ್ನು ಮರೆಯಲಿಲ್ಲ. ಪುನೀತ್ ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದಿತು. ಒಬ್ಬನ ಔದಾರ್ಯವು ಮನೆಯೆಲ್ಲರ ಔದಾರ್ಯವಾಗದೆ ಇಂಥ ದಾನವು ಪೂರ್ತಿಯಾಗದು. ಮನೆಯಲ್ಲಿ ಒಟ್ಟಿಗೆ ಕುಳಿತು ಇಂಥ ಮಾತುಗಳನ್ನಾಡುವ ಹೊತ್ತೇ ಇರದಿದ್ದರೆ, ಕೊನೆಯ ಗಳಿಗೆಯಲ್ಲಿ ಸತ್ತವನ ಇಚ್ಛೆಯನ್ನು ತಿಳಿದವರು ಯಾರಿರುತ್ತಾರೆ?

ಈ ವಿಷಯದಲ್ಲಿ ಗಂಡಸಿಗೊಂದು ಹೆಂಗಸಿಗೊಂದು ಎಂದು ಎರಡು ಅಳತೆಗೋಲುಗಳು ಬಳಕೆಯಲ್ಲಿರುವುದನ್ನೂ ಹೇಳಲೇಬೇಕು. 2005ರಲ್ಲಿ ಆರಂಭವಾದ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಹಳ್ಳಿಹಳ್ಳಿಗೂ ಆಶಾ ಕಾರ್ಯಕರ್ತೆಯರು ಬಂದರು. ಸುಮಾರು ಸಾವಿರ ಜನಕ್ಕೆ ಒಬ್ಬಳು. ಅವಳು ಅದೇ ಊರಿನ ಗೃಹಿಣಿ. ಗರ್ಭಿಣಿಯನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಲಸಿಕೆಯ ದಿನ ಮಕ್ಕಳನ್ನು ಕೂಡಿಸುವುದು, ಹುಟ್ಟಿದ ಮಗುವನ್ನು 42 ದಿನಗಳೊಳಗೆ ಆರು ಬಾರಿ ಮನೆಗೆ ಹೋಗಿ ನೋಡುವುದು ಅವಳ ಕೆಲಸ. ಅದಕ್ಕೆ ದೊರೆಯುವುದು ಅಲ್ಪ ಗೌರವಧನ. ನಡುರಾತ್ರಿ ಹೆರಿಗೆಯ ಕರೆ ಬಂದರೆ ಅವಳು ತನ್ನ ಮಕ್ಕಳನ್ನು ಬಿಟ್ಟು ಹೊರಡಬೇಕು. ಮರುದಿನ ಬೆಳಗ್ಗೆ ಮನೆಗೆ ಬಂದಾಗ ಒಲೆ ಹೊತ್ತಿರುವುದಿಲ್ಲ. ‘ಇಷ್ಟು ಹೊತ್ತು ಎಲ್ಲಿಗೆ ಹೋಗಿದ್ದೆ?’ ಎಂಬ ಪ್ರಶ್ನೆ ಕಾದಿರುತ್ತದೆ. ಸಂಘದ ಸಭೆಯಿಂದ ತಡವಾಗಿ ಬಂದ ಗಂಡಸಿಗೆ ಬಿಸಿ ಊಟ ಕಾದಿರುತ್ತದೆ. ಹೊರಗೆ ಸಮಾನತೆಯನ್ನು ಬೋಧಿಸುವ ಸೇವೆಯು ಮನೆಯೊಳಗೆ ಈ ಅನ್ಯಾಯವನ್ನು ನೋಡಿಯೂ ಸುಮ್ಮನಿದ್ದರೆ ಅದು ಅರ್ಧ ಸೇವೆ. ತಾಯಿ ಊರಿನ ಕೆಲಸಕ್ಕೆ ಹೋದ ದಿನ ಅನ್ನಕ್ಕೆ ಎಸರಿಡುವ ಮಗ, ಅಂಗಳ ಗುಡಿಸುವ ತಂದೆ ಇವರೂ ಊರಿನ ಸೇವಕರೇ.

ಸೇವಾಸಂಸ್ಥೆಗಳಿಗೂ ಇಲ್ಲಿ ಹೊಣೆಯಿದೆ. ತಮಗಾಗಿ ದುಡಿಯುವವರಿಗೂ ಮನೆಗಳಿವೆ ಎಂಬುದನ್ನು ಅವು ನೆನೆಯಬೇಕು. ಪ್ರತಿಯೊಂದು ರಜಾದಿನವನ್ನೂ ಕೇಳಬಾರದು. ವರ್ಷಕ್ಕೆ ಕೆಲವು ದಿನಗಳಾದರೂ ಮನೆಮಂದಿಯೆಲ್ಲ ಕೂಡಿ ಬರಬಹುದಾದ ಕೆಲಸಗಳನ್ನು ಏರ್ಪಡಿಸಬೇಕು. ಗಿಡ ನೆಡುವುದು, ಕೆರೆಯ ಏರಿಯನ್ನು ಸರಿಪಡಿಸುವುದು, ಓದು ಬಾರದ ಹಿರಿಯರಿಗೆ ಅಕ್ಷರ ಕಲಿಸುವುದು ಇವುಗಳಿಗೆ ಅಜ್ಜನೂ ಬೇಕು, ಮೊಮ್ಮಗನೂ ಬೇಕು. ಹಳೆಯ ಅರವಟ್ಟಿಗೆಯ ಒಗ್ಗಟ್ಟು ಹಾಗೆ ಹಿಂದಿರುಗಬಹುದು. ಅದರ ಜಾತಿಯ ಗೋಡೆ ಮಾತ್ರ ಹಿಂದಿರುಗಬೇಕಾಗಿಲ್ಲ.

ಮನೆಯ ಹೊತ್ತು ಕದ್ದು ಮಾಡಿದ ಸೇವೆಯಿಂದ ಪುಣ್ಯ ಬರಬಹುದು, ನೆಮ್ಮದಿ ಬಾರದು. ಊರನ್ನು ಮರೆತು ಕೂಡಿಟ್ಟ ಮನೆಯ ಸುಖವೂ ಬಹುಕಾಲ ಬಾಳದು. ಏಕೆಂದರೆ ಕೆರೆ ಒಣಗಿದರೆ ಎಲ್ಲ ಮನೆಗಳ ಕೊಡವೂ ಬರಿದು, ರೋಗ ಹರಡಿದರೆ ಎಲ್ಲ ಮನೆಗಳ ಬಾಗಿಲಿಗೂ ಅದು ಬರುವುದು. ಕೇಳಿ ಪಡೆದ ಹೊತ್ತು, ಅಳೆದು ಕೊಟ್ಟ ಹೊತ್ತು, ಸಾಧ್ಯವಾದಾಗಲೆಲ್ಲ ಕೂಡಿ ಕಳೆದ ಹೊತ್ತು ಇವು ಮೂರೂ ಸೇರಿದರೆ ಮನೆಗೂ ಊರಿಗೂ ಜಗಳವಿರದು. ಇಂದು ಶಾಲೆಯ ಶ್ರಮದಾನಕ್ಕೆ ಹೊರಡುವ ಹುಡುಗನೂ ಹುಡುಗಿಯೂ ಹೊಸಿಲು ದಾಟುವ ಮುನ್ನ, ತಾವು ಇಲ್ಲದ ಹೊತ್ತಿನಲ್ಲಿ ತಮ್ಮ ಪಾಲಿನ ಮನೆಗೆಲಸವನ್ನು ಯಾರು ಮಾಡುವರೆಂದು ಒಮ್ಮೆ ಕೇಳಿ ತಿಳಿದುಕೊಳ್ಳಲಿ. ಹಿಂದಿರುಗಿ ಬಂದಾಗ ಅವರ ಕೈಯಿಂದ ಆ ಕೆಲಸವನ್ನು ತೆಗೆದುಕೊಳ್ಳಲಿ.